ಕೂರ್ಮಗಡ ಜಾತ್ರೆಗೆ ಹೋಗೋದು ಹೇಗೆ?

ಶಿರಸಿ ಘಟ್ಟ: ಪುಷ್ಯ ಹುಣ್ಣಿಮೆಗೆ ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಅಮ್ಮನನ್ನ ಕರ್ಕೊಂಡು ಹೋಗ್ಬೇಕು. ದೋಣಿ ಎಲ್ಲಿಂದ? ಹರಕೆಗೆ ಏನು ಒಯ್ಯೋದು?

ಕಾಳಿತೀರ: ಕೋಡಿಬಾಗ, ಬೈತಖೋಲದಿಂದ. ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನ ಗಾಳಿ ಎದ್ದರೆ ಕಾಳಿ ನದಿ ಕಡಲು ಸೇರೋ ಕಡೆ ಮರಳದಿಬ್ಬದ ಮೇಲೆ ಅಲೆ ಒಡೆಯತ್ತೆ. ಆಗ ಎಲ್ಲರೂ ಒಂದೇ ಬದಿಗೆ ಸರಿದರೆ ದೋಣಿ ವಾಲತ್ತೆ. 2019ರ ಜಾತ್ರೆಯಲ್ಲಿ ದೋಣಿ ಮಗುಚಿ 16 ಜನ ತೀರಿಕೊಂಡ್ರು. ಜನ ಕಿಕ್ಕಿರಿದ ದೋಣಿ ಬಿಟ್ಟುಬಿಡಿ. ಲೈಫ್ ಜಾಕೆಟ್‌ನ ಎಲ್ಲಾ ಪಟ್ಟಿ ಬಿಗಿಯಿರಿ, ಸಡಿಲ ಇದ್ರೆ ನೀರಲ್ಲಿ ಮುಖಕ್ಕೇರತ್ತೆ.

ಬಲೆಗಾರ: ಹರಕೆಗೆ ಬಾಳೆಗೊನೆ. ಮೀನುಗಾರರ ನಂಬಿಕೆಯ ದೇವರು, ಭಕ್ತಿಯಿಂದ ಹೋಗಿ. ದಡ ಬಂಡೆಗಲ್ಲು, ಜಾರತ್ತೆ. ಅಮ್ಮನಿಗೆ ಹಿಡಿತದ ಚಪ್ಪಲಿ ಇರಲಿ. ಕುಡಿಯೋ ನೀರು ಒಯ್ಯಿರಿ, ಖಾಲಿ ಬಾಟಲಿ ವಾಪಸ್ ತನ್ನಿ.

ಕಾಳಿತೀರ: ಪಕ್ಕದ ಅಂಜುದೀವ್ ದ್ವೀಪಕ್ಕೂ ಬಿಡಿ ಅಂತ ಕೇಳ್ಬೇಡಿ, ಅದು ನೌಕಾಪಡೆಯದ್ದು.