ಅಪ್‌ಡೇಟ್: ಎರಡು ಹಳದಿಯ ಕ್ವೇಲ್ ಮೊಟ್ಟೆಗಳು ಏನಾದವು

ಒಂದೇ ಚಿಪ್ಪಿನೊಳಗೆ ಎರಡು ಹಳದಿ ಭಾಗಗಳಿರುವ ಕ್ವೇಲ್ (ಕೋಳಿಗಿಂತ ಚಿಕ್ಕದಾದ ಸಾಕು ಹಕ್ಕಿ) ಮೊಟ್ಟೆಗಳಿಂದ ಅವಳಿ ಮರಿಗಳು ಹೊರಬರಬಲ್ಲವೇ ಎಂದು ಕೇಳಿದ್ದೆ, ಫಲಿತಾಂಶ ಸಂತೋಷದ್ದಲ್ಲ. ಇನ್‌ಕ್ಯುಬೇಟರ್‌ನಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟ ಸಾಮಾನ್ಯ ಮೊಟ್ಟೆಗಳು 17ನೆಯ ದಿನ ಒಡೆದವು, ಆದರೆ ಎರಡು ಹಳದಿ ಇರುವುವೆಂದುಕೊಂಡಿದ್ದ ನಾಲ್ಕು ದೊಡ್ಡ ಮೊಟ್ಟೆಗಳಲ್ಲಿ ಒಂದೂ ಬಿರಿಯಲಿಲ್ಲ. ಚಿಪ್ಪಿನ ದಟ್ಟ ಮಚ್ಚೆಗಳಿಂದಾಗಿ ಬೆಳಕಿಗೆ ಹಿಡಿದರೂ ಒಳಗಿನದು ಸ್ಪಷ್ಟವಾಗಿರಲಿಲ್ಲ.

20ನೆಯ ದಿನ ತೆರೆದಾಗ, ಮೂರರಲ್ಲಿ ಬೆಳವಣಿಗೆಯೇ ಆಗಿರಲಿಲ್ಲ. ನಾಲ್ಕನೆಯದರಲ್ಲಿ ತುಪ್ಪಳ ಮೂಡಿದ್ದ ಎರಡು ಮರಿಗಳು ಒಂದನ್ನೊಂದು ಒತ್ತಿಕೊಂಡು ಸತ್ತಿದ್ದವು. ಹೊರಬರುವ ಮುನ್ನ ಮರಿಯು ತಲೆಯನ್ನು ಗಾಳಿಕೋಶದತ್ತ (ಮೊಟ್ಟೆಯ ಅಗಲ ತುದಿಯಲ್ಲಿ ಗಾಳಿ ತುಂಬಿದ ಜಾಗ) ತಿರುಗಿಸಿ, ಪೊರೆಯನ್ನು ಕೊಕ್ಕಿನಿಂದ ಚುಚ್ಚಿ ಉಸಿರಾಟ ಆರಂಭಿಸಬೇಕು. ಆ ಇಕ್ಕಟ್ಟಿನಲ್ಲಿ ಎರಡಕ್ಕೂ ತಿರುಗಲು ಜಾಗವಿರಲಿಲ್ಲವೆಂದೇ ನನಗನಿಸುತ್ತದೆ. ಆ ದೃಶ್ಯ ನನ್ನನ್ನು ಬಹಳ ನೋಯಿಸಿತು. ಇನ್ನು ಮುಂದೆ ಅಸಹಜವಾಗಿ ದೊಡ್ಡದಾದ ಮೊಟ್ಟೆಗಳನ್ನು ಕಾವಿಗೆ ಇಡುವುದಿಲ್ಲ.