ಎರಡು ಸ್ವಿಚ್, ಎರಡು ಕೇಬಲ್, ಒಂದೇ ಐಪಿ: ಒಂದು ದಾರಿ ಹೋದರೂ ಸರ್ವರ್ ನಿಲ್ಲದಂತೆ ಮಾಡುವುದು ಹೇಗೆ?

ಗಣಕಪ್ರಿಯ:
ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಉಬುಂಟು ಸರ್ವರ್ ಒಂದರಲ್ಲಿ ಡೇಟಾಬೇಸ್ ಓಡುತ್ತಿದೆ. ಮದರ್‌ಬೋರ್ಡಿನಲ್ಲಿ ಎರಡು ನೆಟ್‌ವರ್ಕ್ ಪೋರ್ಟ್, ಬೇರೆ ಕಾರ್ಡಿನಲ್ಲಿ ಇನ್ನೆರಡು ಇವೆ. ಸದ್ಯಕ್ಕೆ ಮದರ್‌ಬೋರ್ಡಿನ ಎರಡು ಪೋರ್ಟಿನಿಂದ ಎರಡು ಸ್ವಿಚ್‌ಗೆ ಕೇಬಲ್ ಹೋಗಿದೆ. ಒಂದೇ ಸಬ್‌ನೆಟ್, ಎರಡು ಐಪಿ. ಅಪ್ಲಿಕೇಶನ್‌ಗಳಿಗೆ ಗೊತ್ತಿರುವುದು ಮೊದಲನೇ ಐಪಿ ಮಾತ್ರ. ಆ ಕೇಬಲ್ ಬಿಚ್ಚಿದರೆ ಎಲ್ಲ ನಿಲ್ಲುತ್ತದೆ, ಎರಡನೇದು ಸುಮ್ನೆ ಕೂತಿರುತ್ತದೆ.

ಕೇಬಲ್ ಹೋಗಲಿ, ಸ್ವಿಚ್ ಹೋಗಲಿ, ಡೇಟಾಬೇಸ್ ಕನೆಕ್ಷನ್ ಕಡಿಯಬಾರದು. ವೇಗ ಜಾಸ್ತಿ ಆಗಬೇಕಿಲ್ಲ. ಬಾಂಡಿಂಗ್ ಮಾಡಿ, ಅಂದರೆ ಎರಡು ಪೋರ್ಟನ್ನು ಸೇರಿಸಿ ಒಂದೇ ಪೋರ್ಟಿನಂತೆ ಬಳಸಿ ಅಂತಾರೆ, ಆದರೆ ಅದರಲ್ಲಿ 0ಯಿಂದ 6ರವರೆಗೆ ಏಳು ಮೋಡ್ ಇವೆ. ಯಾವುದು ಸರಿ? ಸ್ವಿಚ್‌ಗಳು ಬೇರೆ ತಂಡದ ಕೈಯಲ್ಲಿವೆ. ಎರಡೂ ಬಿಡಿ ಸ್ವಿಚ್, ಸ್ಟ್ಯಾಕ್ ಮಾಡಿಲ್ಲ (ಸೇರಿಸಿ ಒಂದೇ ಸ್ವಿಚ್‌ನಂತೆ ಮಾಡಿಲ್ಲ) ಅಂದಿದ್ದಾರೆ.

ರ‍್ಯಾಕ್‌ಕಾವಲು:
ನಿಮಗೆ ಬೇಕಿರುವುದು ಮೋಡ್ 1, ಆಕ್ಟಿವ್-ಬ್ಯಾಕಪ್. ಒಂದು ಪೋರ್ಟ್ ಕೆಲಸ ಮಾಡುತ್ತದೆ, ಇನ್ನೊಂದು ಕಾದಿರುತ್ತದೆ. ಸ್ವಿಚ್ ಕಡೆ ಬಾಂಡ್‌ಗೆ ಅಂತ ಏನೂ ಸೆಟ್ ಮಾಡಬೇಕಿಲ್ಲ, ಆದ್ದರಿಂದ ಬಿಡಿ ಸ್ವಿಚ್‌ಗಳಿಗೆ ಇದೇ ನೆಮ್ಮದಿ. ಮೋಡ್ ಬರೆಯುವುದನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಅದು ಮೋಡ್ 0 ಆಗುತ್ತದೆ, ಒಂದೊಂದು ಪ್ಯಾಕೆಟನ್ನು ಒಂದೊಂದು ಕಡೆ ಕಳಿಸುತ್ತದೆ. ಆಗ ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಪೋರ್ಟಿನ ಹಾರ್ಡ್‌ವೇರ್ ಗುರುತು) ಎರಡೂ ಸ್ವಿಚ್‌ನಲ್ಲಿ ಕಾಣಿಸಿಕೊಂಡು, ಸ್ವಿಚ್‌ಗಳು ಅದನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಬದಲಿಸುತ್ತಲೇ ಇರುತ್ತವೆ.

ಐಪಿ ಬಾಂಡ್ ಮೇಲೆ ಇರಲಿ, ಪೋರ್ಟ್‌ಗಳ ಮೇಲೆ ಐಪಿ ಬೇಡ. ಪೋರ್ಟ್ ಬದಲಾದಾಗ ಬಾಂಡ್ ತಾನೇ ಒಂದು ಎಆರ್‌ಪಿ (ಈ ಐಪಿ ಯಾವ ಮ್ಯಾಕ್ ವಿಳಾಸದಲ್ಲಿದೆ ಅಂತ ಕೇಳುವ, ತಿಳಿಸುವ ಸಂದೇಶ) ಕೂಗಿ ಸ್ವಿಚ್‌ಗಳಿಗೆ ಹೊಸ ದಾರಿ ತಿಳಿಸುತ್ತದೆ. ಐಪಿ ಅದೇ ಇರುವುದರಿಂದ ಟಿಸಿಪಿ ಕಳೆದುಹೋದ ಪ್ಯಾಕೆಟನ್ನು ಮತ್ತೆ ಕಳಿಸಿ ಮುಂದುವರಿಯುತ್ತದೆ. ಡೇಟಾಬೇಸ್‌ಗೆ ಒಂದು ಕ್ಷಣ ತಡವಾದಂತೆ ಕಾಣುತ್ತದೆ, ಅಷ್ಟೇ.

ಮದರ್‌ಬೋರ್ಡಿನ ಎರಡೂ ಪೋರ್ಟನ್ನೇ ಜೋಡಿ ಮಾಡಬೇಡಿ. ಅವೆರಡೂ ಸಾಮಾನ್ಯವಾಗಿ ಒಂದೇ ಚಿಪ್ ಮೇಲೆ ಇರುತ್ತವೆ. ಅಲ್ಲೊಂದು, ಕಾರ್ಡಿನಲ್ಲೊಂದು ತೆಗೆದುಕೊಳ್ಳಿ. ಎರಡು ಸ್ವಿಚ್‌ಗೂ ಕರೆಂಟ್ ಒಂದೇ ಪವರ್ ಸ್ಟ್ರಿಪ್‌ನಿಂದ ಬರುತ್ತಿದೆಯಾ ಅಂತಲೂ ನೋಡಿ.

ಇನ್ನು ಮುಖ್ಯ ವಿಷಯ. ಲಿಂಕ್ ಸತ್ತಿದೆ ಅಂತ ಬಾಂಡ್‌ಗೆ ಗೊತ್ತಾಗುವುದು ಹೇಗೆ? ಉಬುಂಟುವಿನಲ್ಲಿ ನೆಟ್‌ವರ್ಕ್ ಸೆಟ್ ಮಾಡುವ ನೆಟ್‌ಪ್ಲಾನ್‌ನಲ್ಲಿ ಎಂಐಐ ಮಾನಿಟರ್ ಇಂಟರ್ವಲ್ ಎಂಬ ಆಯ್ಕೆ ಇದೆ, ಪೋರ್ಟಿನ ಲಿಂಕ್ ಇದೆಯಾ ಅಂತ ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅನ್ನುವುದು. ಅದನ್ನು ಬರೆಯದಿದ್ದರೆ ಅದರ ಮೌಲ್ಯ 0, ಅಂದರೆ ಯಾರೂ ನೋಡುತ್ತಿಲ್ಲ. 100 ಹಾಕಿ, 100 ಮಿಲಿಸೆಕೆಂಡಿಗೊಮ್ಮೆ ನೋಡುತ್ತದೆ.

ಪ್ಯಾಕೆಟ್‌ಪಯಣ:
ನನ್ನ ಪ್ರಕಾರ ಮೋಡ್ 4, ಅಂದರೆ ಎಲ್‌ಎಸಿಪಿ (ಸರ್ವರ್ ಮತ್ತು ಸ್ವಿಚ್ ಮಾತಾಡಿಕೊಂಡು ಕೇಬಲ್‌ಗಳನ್ನು ಒಂದು ಗುಂಪು ಮಾಡುವ ವಿಧಾನ) ಒಳ್ಳೆಯದು. ಎರಡೂ ಕೇಬಲ್ ದುಡಿಯುತ್ತವೆ. ಎದುರಿನ ಸ್ವಿಚ್ ಮಾತಾಡುತ್ತಿದೆಯೋ ಇಲ್ಲವೋ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಸುಮ್ನೆ ಒಂದು ಪೋರ್ಟ್ ಯಾಕೆ ಖಾಲಿ ಬಿಡಬೇಕು?

ರ‍್ಯಾಕ್‌ಕಾವಲು:
ಸ್ಟ್ಯಾಕ್ ಅಥವಾ ಎಂ-ಲ್ಯಾಗ್ (ಎರಡು ಸ್ವಿಚ್ ಸರ್ವರ್‌ಗೆ ಒಂದೇ ಎಂಬಂತೆ ಕಾಣುವ ವ್ಯವಸ್ಥೆ) ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಎಲ್‌ಎಸಿಪಿಗೆ ಎರಡು ಕೇಬಲ್ ಒಂದೇ ಸ್ವಿಚ್‌ಗೆ ಹೋದಂತೆ ಕಾಣಬೇಕು. ಬಿಡಿ ಸ್ವಿಚ್‌ಗಳಲ್ಲಿ ಎರಡು ಬೇರೆ ಗುಂಪಾಗಿ, ಒಂದು ಗುಂಪು ಮಾತ್ರ ಕೆಲಸ ಮಾಡುತ್ತದೆ. ಅಲ್ಲಿಗೆ ಒಂದು ಪೋರ್ಟ್ ಖಾಲಿಯೇ ಅಲ್ವಾ? ಇನ್ನೊಂದು ಮಾತು: ಮೋಡ್ 4ರಲ್ಲೂ ಒಂದು ಟಿಸಿಪಿ ಕನೆಕ್ಷನ್ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ, ಅದರ ವೇಗ ಎರಡರಷ್ಟಾಗುವುದಿಲ್ಲ.

ಗಣಕಪ್ರಿಯ:
ಧನ್ಯವಾದ, ಮೋಡ್ 1 ಹಾಕುತ್ತೇನೆ. ಎರಡು ಅನುಮಾನ. ಸರ್ವರ್ ದೂರದಲ್ಲಿದೆ, ಎಸ್‌ಎಸ್‌ಎಚ್‌ನಿಂದಲೇ (ಅದೇ ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ) ಮಾಡಬೇಕು. ಬದಲಾವಣೆಯನ್ನು ತಾತ್ಕಾಲಿಕವಾಗಿ ಹಾಕಿ ನೋಡುವ ನೆಟ್‌ಪ್ಲಾನ್ ಟ್ರೈ ಬಳಸಿದರೆ ಸಾಕಾ? ಮತ್ತೆ, ಸ್ವಿಚ್ ಆನ್ ಇದ್ದು ಅದರ ಅಪ್‌ಲಿಂಕ್, ಅಂದರೆ ಸ್ವಿಚ್‌ನಿಂದ ಮುಂದಿನ ನೆಟ್‌ವರ್ಕ್‌ಗೆ ಹೋಗುವ ಲಿಂಕ್ ಮಾತ್ರ ಹೋದರೆ ಏನಾಗುತ್ತದೆ?

ಲಾಗ್‌ಓದುಗ:
ಮೊದಲನೇದಕ್ಕೆ ನಾನು ಹೇಳುತ್ತೇನೆ. ನೆಟ್‌ಪ್ಲಾನ್ ಟ್ರೈ ಬೇರೆ ಬದಲಾವಣೆಗಳಿಗೆ ಚೆನ್ನಾಗಿದೆ, 120 ಸೆಕೆಂಡಿನಲ್ಲಿ ನೀವು ಒಪ್ಪದಿದ್ದರೆ ಹಳೆಯದಕ್ಕೆ ಮರಳುತ್ತದೆ. ಆದರೆ ಬಾಂಡ್‌ನ ಪ್ಯಾರಾಮೀಟರ್‌ಗಳನ್ನು ಅದು ಹಿಂದಕ್ಕೆ ತರಲಾರದು, ಹಾಗಂತ ಅದೇ ಹೇಳಿ ನಿಲ್ಲುತ್ತದೆ. ರಿಮೋಟ್ ಕನ್ಸೋಲ್ (ಈ ಪೋರ್ಟ್‌ಗಳನ್ನು ನೆಚ್ಚದೆ ಸರ್ವರ್‌ನ ಪರದೆ ತೋರಿಸುವ ಬೇರೆ ದಾರಿ) ತೆರೆದಿಟ್ಟುಕೊಳ್ಳದೆ ಶುರು ಮಾಡಲೇಬೇಡಿ.

ರ‍್ಯಾಕ್‌ಕಾವಲು:
ಎರಡನೇ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಎಂಐಐ ನೋಡುವುದು ನಿಮ್ಮ ಪೋರ್ಟಿನಿಂದ ಸ್ವಿಚ್‌ವರೆಗಿನ ತಂತಿಯನ್ನು ಮಾತ್ರ. ಅಪ್‌ಲಿಂಕ್ ಹೋದರೂ ಲೈಟ್ ಉರಿಯುತ್ತಲೇ ಇರುತ್ತದೆ, ಬಾಂಡ್ ಕದಲುವುದಿಲ್ಲ. ಇದಕ್ಕೆ ಎರಡು ದಾರಿ. ಅಪ್‌ಲಿಂಕ್ ಹೋದ ಕೂಡಲೇ ಸರ್ವರ್ ಪೋರ್ಟನ್ನೂ ಇಳಿಸುವ ಸೌಲಭ್ಯ ಕೆಲವು ಸ್ವಿಚ್‌ಗಳಲ್ಲಿದೆ, ಆ ತಂಡದವರನ್ನು ಕೇಳಿ. ಇಲ್ಲವಾದರೆ ಎಂಐಐ ಬಿಟ್ಟು ಎಆರ್‌ಪಿ ಮಾನಿಟರ್ ಹಾಕಿ, ಅದು ನೀವು ಗುರಿಯಾಗಿ ಕೊಟ್ಟ ಐಪಿಗಳಿಗೆ ಎಆರ್‌ಪಿ ಕಳಿಸಿ ಉತ್ತರ ಬರುತ್ತಿದೆಯಾ ಅಂತ ನೋಡುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಗೇಟ್‌ವೇ ಒಂದನ್ನೇ ಗುರಿ ಮಾಡಿದರೆ ಅದು ರೀಬೂಟ್ ಆದಾಗ ಎರಡೂ ಪೋರ್ಟ್ ಸತ್ತಂತೆ ಕಾಣುತ್ತವೆ, ಹಾಗಾಗಿ ಅದರ ಜೊತೆ ಅದೇ ಸಬ್‌ನೆಟ್‌ನ, ಅಪ್‌ಲಿಂಕ್ ಆಚೆ ಇರುವ ಇನ್ನೊಂದು ಐಪಿ ಕೊಡಿ. ಬಂದ ಎಆರ್‌ಪಿಯನ್ನು ಪರಿಶೀಲಿಸುವ ಆಯ್ಕೆ, ಎಆರ್‌ಪಿ ವ್ಯಾಲಿಡೇಟ್ ಅನ್ನು ಆಲ್ ಅಂತ ಇಡಿ. ಇಲ್ಲದಿದ್ದರೆ ಅದೇ ಸ್ವಿಚ್‌ನಲ್ಲಿರುವ ಬೇರೆ ಯಂತ್ರಗಳ ಬ್ರಾಡ್‌ಕಾಸ್ಟ್ ಬಂದರೂ ಸಾಕು, ಲಿಂಕ್ ಚೆನ್ನಾಗಿದೆ ಅಂತ ಬಾಂಡ್ ತಿಳಿಯುತ್ತದೆ.

ಪರೀಕ್ಷೆ ಮಾಡುವಾಗ ಹೆಚ್ಚಿನವರು ಕೇಬಲ್ ಕಿತ್ತು, ಪಿಂಗ್ ನಿಲ್ಲಲಿಲ್ಲ ಅಂತ ಖುಷಿಪಟ್ಟು ಮುಗಿಸುತ್ತಾರೆ. ತೊಂದರೆ ಕಾದಿರುವುದು ಕೇಬಲ್ ವಾಪಸ್ ಹಾಕಿದಾಗ. ಪ್ರೈಮರಿ, ಅಂದರೆ ಮೊದಲ ಆಯ್ಕೆಯ ಪೋರ್ಟ್ ಹೆಸರಿಸಿದ್ದರೆ ಲಿಂಕ್ ಮೇಲೆದ್ದ ಕೂಡಲೇ ಬಾಂಡ್ ಅಲ್ಲಿಗೆ ಜಿಗಿಯುತ್ತದೆ. ಆದರೆ ಸ್ವಿಚ್‌ನಲ್ಲಿ ಹಳೆಯ ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಪ್ಯಾಕೆಟ್ ಸುತ್ತುತ್ತಲೇ ಇರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಆ ಪೋರ್ಟ್ 15 ಸೆಕೆಂಡ್ ಕೇಳುತ್ತಾ, ಇನ್ನೊಂದು 15 ಸೆಕೆಂಡ್ ಕಲಿಯುತ್ತಾ ಇರುತ್ತದೆ, ಏನನ್ನೂ ದಾಟಿಸುವುದಿಲ್ಲ. ಚೆನ್ನಾಗಿ ನಡೆಯುತ್ತಿದ್ದ ದಾರಿ ಬಿಟ್ಟು ಮುಚ್ಚಿದ ಬಾಗಿಲಿಗೆ ಹೋದಂತೆ. ಅರ್ಧ ನಿಮಿಷ ಸರ್ವರ್ ಮಾಯ! ಸ್ವಿಚ್‌ಗಳಲ್ಲಿ ನಿಮ್ಮ ಕೇಬಲ್ ಬರುವ ಆ ಎರಡು ಪೋರ್ಟನ್ನು ಎಡ್ಜ್ ಪೋರ್ಟ್ (ಹಾಗೆ ಕಾಯದೆ ಕೂಡಲೇ ತೆರೆಯುವ ಪೋರ್ಟ್) ಮಾಡಿಸಿ. ನಿಮ್ಮ ಕಡೆ ಪ್ರೈಮರಿ ರೀಸೆಲೆಕ್ಟ್ ಪಾಲಿಸಿಯನ್ನು ಫೈಲ್ಯೂರ್ ಅಂತ ಇಡಿ. ಆಗ ಸದ್ಯದ ಪೋರ್ಟ್ ಹೋಗುವವರೆಗೂ ಬಾಂಡ್ ಅಲ್ಲೇ ಇರುತ್ತದೆ.

ಗಣಕಪ್ರಿಯ:
ಕನ್ಸೋಲ್ ಇಟ್ಟುಕೊಂಡು ಮಾಡಿದೆ. ಎಆರ್‌ಪಿ ಮಾನಿಟರ್, ಎರಡು ಗುರಿ, ಒಂದೊಂದು ಕಾರ್ಡಿನಿಂದ ಒಂದೊಂದು ಪೋರ್ಟ್. ಅಲ್ಲಿದ್ದವರಿಂದ ಕೇಬಲ್ ಕೀಳಿಸಿದೆ, ವಾಪಸ್ ಹಾಕಿಸಿದೆ, ಅಪ್‌ಲಿಂಕ್ ಕೂಡ ಇಳಿಸಿ ನೋಡಿದೆವು. ಡೇಟಾಬೇಸ್ ಕನೆಕ್ಷನ್ ಒಂದೂ ಕಡಿಯಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೇನಾದರೂ ಉಳಿದಿದೆಯಾ?

ರ‍್ಯಾಕ್‌ಕಾವಲು:
ಅಲರ್ಟ್ ಉಳಿದಿದೆ. ಈಗ ಒಂದು ಕೇಬಲ್ ಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಎರಡನೇದೂ ಹೋದ ದಿನವೇ ಗೊತ್ತಾಗುವುದು. ಸರ್ವರ್‌ನ ಪ್ರಾಕ್ (/proc) ಫೋಲ್ಡರಿನ ನೆಟ್ ಒಳಗೆ ಬಾಂಡಿಂಗ್ ಅಂತ ಫೋಲ್ಡರ್ ಇದೆ, ಅದರಲ್ಲಿ ನಿಮ್ಮ ಬಾಂಡ್ ಹೆಸರಿನ ಫೈಲ್. ಒಂದೊಂದು ಪೋರ್ಟಿನ ಸ್ಥಿತಿ, ಎಷ್ಟು ಸಲ ಲಿಂಕ್ ಬಿದ್ದಿದೆ ಅನ್ನುವ ಲೆಕ್ಕ ಎರಡೂ ಅಲ್ಲಿವೆ. ನಿಮ್ಮ ಮಾನಿಟರಿಂಗ್ ಅದನ್ನು ನಿಮಿಷಕ್ಕೊಮ್ಮೆ ಓದಲಿ. ಯಾವುದೇ ಪೋರ್ಟ್ ಡೌನ್ ಆದರೆ, ಅಥವಾ ಆ ಲೆಕ್ಕ ಏರಿದರೆ ಮೆಸೇಜ್ ಬರಲಿ. ಪೋರ್ಟ್ ಅಪ್ ಅಂತಲೇ ತೋರಿಸುತ್ತಾ ಲೆಕ್ಕ ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಾಯಿಸಿ ನೋಡಿ.