ಲಿನಕ್ಸ್‌ನಲ್ಲಿ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಡಿಸ್ಕಿಗೆ ಬರೆಯಲು ಯಾವ ತಂತ್ರಾಂಶ ಸೂಕ್ತ?

ಪ್ರಶ್ನೆ (ಬರೆದವರು: ಹಳೆಕ್ಯಾಸೆಟ್)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಉಳಿದುಕೊಂಡಿರುವ ತಾಳಮದ್ದಳೆಯ (ವೇಷವಿಲ್ಲದೆ ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ವೇವ್ ಕಡತಗಳಾಗಿ ಇಟ್ಟುಕೊಂಡಿದ್ದೇನೆ. ಹೆಚ್ಚಿನವು 90 ನಿಮಿಷದ ಕ್ಯಾಸೆಟ್ಟುಗಳು. ಇವನ್ನು ಎರಡು ಬಗೆಯಲ್ಲಿ ಡಿಸ್ಕಿಗೆ ಬರೆಯಬೇಕಾಗಿದೆ. ಹಾರ್ಡ್ ಡಿಸ್ಕಿನಲ್ಲಿರುವ ಪ್ರತಿಯ ಜೊತೆಗೆ ಡಿವಿಡಿಯಲ್ಲೊಂದು ಕಾಯ್ದಿರಿಸುವ ಪ್ರತಿ ಬೇಕು. ಸ್ಮಾರ್ಟ್‌ಫೋನ್ ಬಳಸದ ಹಿರಿಯರು ತಮ್ಮ ಸಿಡಿ ಪ್ಲೇಯರಿನಲ್ಲಿ ಕೇಳುವಂತೆ ಆಡಿಯೋ ಸಿಡಿಗಳೂ ಬೇಕು. ನನ್ನದು 4 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರ್. ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಮತ್ತು ಹಗುರವಾದ ಡೆಸ್ಕ್‌ಟಾಪ್ ಆದ ಎಕ್ಸ್‌ಎಫ್‌ಸಿಇ ಇವೆ. ಕಡತಗಳಿಗೆ ಪ್ರಸಂಗದ ಹೆಸರನ್ನೂ ಅರ್ಥಧಾರಿಗಳ (ಪಾತ್ರಗಳಾಗಿ ಮಾತಾಡುವವರ) ಹೆಸರನ್ನೂ ಕನ್ನಡದಲ್ಲೇ ಕೊಟ್ಟಿದ್ದೇನೆ. ವಿಂಡೋಸ್ ಬಳಸುವ ಬಂಧುಗಳಿಗೂ ಆ ಹೆಸರುಗಳು ಸರಿಯಾಗಿ ಕಾಣಬೇಕು. ಕೆ3ಬಿ, ಬ್ರಸೆರೊ, ಎಕ್ಸ್‌ಎಫ್‌ಬರ್ನ್ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ 1 (ಬರೆದವರು: ಸ್ವರಸಂಗ್ರಹ)

ಆಡಿಯೋ ಸಿಡಿಯ ಮಟ್ಟಿಗೆ ನನ್ನ ಉತ್ತರ ಖಚಿತವಾಗಿದೆ: ಕೆ3ಬಿ ಹಾಕಿಕೊಳ್ಳಿ. ಅದು ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್ ಬಳಗದ ತಂತ್ರಾಂಶವಾದರೂ ಎಕ್ಸ್‌ಎಫ್‌ಸಿಇಯಲ್ಲಿ ತೊಂದರೆಯಿಲ್ಲದೆ ನಡೆಯುತ್ತದೆ.

ತಾಳಮದ್ದಳೆಯಲ್ಲಿ ಭಾಗವತರ ಪದ (ಹಾಡು) ಮುಗಿಯುತ್ತಿದ್ದಂತೆಯೇ ಅರ್ಥ (ಮಾತು) ಆರಂಭವಾಗುತ್ತದೆ, ಅರ್ಥದ ಕೊನೆಯ ಮಾತಿಗೆ ತಾಗಿಕೊಂಡೇ ಮುಂದಿನ ಪದ ಏಳುತ್ತದೆ. ಹುಡುಕಲು ಅನುಕೂಲವಾಗಲೆಂದು ನೀವು ಅದನ್ನು ಹಲವು ಟ್ರ್ಯಾಕುಗಳಾಗಿ ವಿಂಗಡಿಸಿ, ಟ್ರ್ಯಾಕಿಗೊಮ್ಮೆ ನಿಲ್ಲಿಸಿ ಬರೆಯುವ ವಿಧಾನವನ್ನು ಬಳಸಿದರೆ, ಪ್ರತಿ ಎರಡರ ನಡುವೆ ಎರಡು ಸೆಕೆಂಡಿನ ಮೌನ ಬಂದು ಕುಳಿತು ಕೇಳುವವರಿಗೆ ರಸಭಂಗವಾಗುತ್ತದೆ. ಆದ್ದರಿಂದ ಇಡೀ ಡಿಸ್ಕನ್ನು ಒಂದೇ ಓಟದಲ್ಲಿ ಬರೆಯುವ ವಿಧಾನವನ್ನು ಆರಿಸಿ, ಟ್ರ್ಯಾಕುಗಳ ನಡುವಿನ ಅಂತರವನ್ನು ಸೊನ್ನೆಗೆ ಇರಿಸಿ. ಇನ್ನೊಂದು ಸೂಕ್ಷ್ಮವೂ ಇದೆ. ಆಡಿಯೋ ಸಿಡಿಯಲ್ಲಿ ಟ್ರ್ಯಾಕಿನ ಗಡಿ ಸೆಕೆಂಡಿನ 75ನೇ ಒಂದು ಭಾಗದ ಲೆಕ್ಕದಲ್ಲೇ ಬೀಳಬೇಕು. ಕಡತವನ್ನು ಬೇರೆಡೆ ಮನಸ್ಸಿಗೆ ಬಂದಲ್ಲಿ ಕತ್ತರಿಸಿ ತಂದರೆ ಉಳಿದ ಜಾಗ ಮೌನದಿಂದ ತುಂಬಿ, ಜೋಡಣೆಯ ಸ್ಥಳದಲ್ಲಿ ‘ಟಕ್’ ಎಂಬ ಸದ್ದು ಕೇಳಬಹುದು.

ಒಂದು ಆಡಿಯೋ ಸಿಡಿಯಲ್ಲಿ ಹಿಡಿಸುವುದು ಸುಮಾರು 80 ನಿಮಿಷ ಮಾತ್ರ. ನಿಮ್ಮ 90 ನಿಮಿಷದ ಕ್ಯಾಸೆಟ್ಟಿಗೆ ಎರಡು ಸಿಡಿ ಬೇಕಾಗುತ್ತದೆ. ಒಂದು ಬದಿಗೆ ಒಂದು ಸಿಡಿ ಎಂದು ಇಟ್ಟುಕೊಂಡರೆ ಹಿರಿಯರಿಗೂ ಗೊಂದಲವಾಗದು.

ಉತ್ತರ 2 (ಬರೆದವರು: ಹಗುರಗಣಕ)

ಕೆ3ಬಿಯ ಗುಣದ ಬಗ್ಗೆ ತಕರಾರಿಲ್ಲ. ಆದರೆ ಎಕ್ಸ್‌ಎಫ್‌ಸಿಇ ಇರುವ ಕಂಪ್ಯೂಟರಿಗೆ ಅದು ಕೆಡಿಇಯ ಬಹಳಷ್ಟು ಲೈಬ್ರರಿಗಳನ್ನು (ತಂತ್ರಾಂಶ ನಡೆಯಲು ಬೇಕಾಗುವ ಪೂರಕ ಕಡತಗಳನ್ನು) ಜೊತೆಯಲ್ಲೇ ಎಳೆದು ತರುತ್ತದೆ. ಡಿವಿಡಿಗೆ ಕಡತಗಳನ್ನು ಬರೆಯುವುದಷ್ಟೇ ಕೆಲಸವಾದರೆ ಎಕ್ಸ್‌ಎಫ್‌ಬರ್ನ್ ಸಾಕು. ಯಾವುದನ್ನು ಬಳಸಿದರೂ ನಿಮ್ಮ ಬಳಕೆದಾರ ಖಾತೆ ಡೆಬಿಯನ್‌ನ ‘ಸಿಡಿರಾಮ್’ ಗುಂಪಿನಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಡ್ರೈವ್ ಸಿಗುತ್ತಿಲ್ಲ ಎಂಬ ಸಂದೇಶಕ್ಕೆ ಎಷ್ಟೋ ಸಲ ಅದೊಂದೇ ಕಾರಣವಾಗಿರುತ್ತದೆ.

ಉತ್ತರ 3 (ಬರೆದವರು: ಕಡತಪಾಲ)

ಮೇಲಿನ ಇಬ್ಬರ ಮಾತೂ ಸರಿಯಾಗಿದೆ. ಆದರೆ ಕಾಯ್ದಿರಿಸುವ ಪ್ರತಿಯ ವಿಷಯದಲ್ಲಿ ತಂತ್ರಾಂಶದ ಕಿಟಕಿಗಿಂತ ಅದರ ಹಿಂದೆ ನಿಜವಾಗಿ ಬರೆಯುವ ಉಪಕರಣ ಯಾವುದು, ಬರೆದದ್ದನ್ನು ಪರಿಶೀಲಿಸುವ ಏರ್ಪಾಡು ಇದೆಯೇ ಎಂಬುದೇ ಮುಖ್ಯ ಎಂದು ನಾನು ಬಲವಾಗಿ ನಂಬುತ್ತೇನೆ.

ಕೆ3ಬಿ ತಾನಾಗಿಯೇ ಡಿಸ್ಕನ್ನು ಬರೆಯುವುದಿಲ್ಲ. ಆ ಕೆಲಸವನ್ನು ಬೇರೆ ಉಪಕರಣಗಳಿಗೆ ವಹಿಸುತ್ತದೆ. ಪರವಾನಗಿಯ ವಿವಾದದಿಂದಾಗಿ 2006ರಲ್ಲಿ ಡೆಬಿಯನ್ ಇಂಥ ಉಪಕರಣಗಳ ಗುಂಪಾದ ಸಿಡಿಆರ್‌ಟೂಲ್ಸ್‌ನಿಂದ ಕವಲೊಡೆದು ತನ್ನದೇ ಸಿಡಿಆರ್‌ಕಿಟ್ ಅನ್ನು ರೂಪಿಸಿತು. ಅದರಲ್ಲಿರುವ ‘ವೋಡಿಮ್’ ಸಿಡಿಗೆ ತಕ್ಕದ್ದಾದರೂ ಡಿವಿಡಿಗೆ ನಾನು ಅದನ್ನು ಸೂಚಿಸಲಾರೆ. ಎಕ್ಸ್‌ಎಫ್‌ಬರ್ನ್ ನಿಂತಿರುವುದು ಲಿಬ್‌ಬರ್ನ್ ಮತ್ತು ಲಿಬ್‌ಐಸೋಎಫ್‌ಎಸ್ ಎಂಬ ಲೈಬ್ರರಿಗಳ ಮೇಲೆ. ಅದೇ ಲೈಬ್ರರಿಗಳ ಪೂರ್ಣ ಸಾಮರ್ಥ್ಯವನ್ನು ಟರ್ಮಿನಲ್ಲಿನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಒದಗಿಸುವುದು ‘ಎಕ್ಸಾರಿಸೊ’. ಪ್ರತಿ ಕಡತದ ಎಂಡಿ5 ಮೊತ್ತವನ್ನು (ಕಡತ ಬದಲಾಗಿದೆಯೇ ಎಂದು ತಿಳಿಸುವ ಗುರುತು ಸಂಖ್ಯೆಯನ್ನು) ಡಿಸ್ಕಿನಲ್ಲೇ ದಾಖಲಿಸುವ ಆಯ್ಕೆ ಇದರಲ್ಲಿದೆ. ವರ್ಷಗಳ ನಂತರ ಮೂಲ ಕಡತಗಳು ಕೈಯಲ್ಲಿ ಇಲ್ಲದಿದ್ದರೂ ಡಿಸ್ಕು ತನ್ನಲ್ಲಿರುವುದನ್ನು ಸರಿಯಾಗಿ ಓದಿಸುತ್ತಿದೆಯೇ ಎಂದು ಅದರಿಂದ ಪರೀಕ್ಷಿಸಬಹುದು. ಕಾಯ್ದಿರಿಸುವ ಪ್ರತಿಗೆ ಇದಕ್ಕಿಂತ ಉಪಯುಕ್ತವಾದ ಗುಣ ನನಗೆ ಕಾಣದು.

ಕನ್ನಡ ಹೆಸರುಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಡಿಸ್ಕಿನ ಮೂಲ ವ್ಯವಸ್ಥೆಯಾದ ಐಎಸ್‌ಒ 9660ಕ್ಕೆ ಕನ್ನಡ ಲಿಪಿ ತಿಳಿಯದು. ಅದಕ್ಕೆ ಸೇರಿಸುವ ‘ರಾಕ್ ರಿಡ್ಜ್’ ಎಂಬ ವಿಸ್ತರಣೆಯನ್ನು ಲಿನಕ್ಸ್ ಓದುತ್ತದೆ, ‘ಜೋಲಿಯೆಟ್’ ಎಂಬುದನ್ನು ವಿಂಡೋಸ್ ಓದುತ್ತದೆ. ಆದ್ದರಿಂದ ನಿಮಗೆ ಎರಡೂ ಬೇಕು. ಕೆ3ಬಿಯ ಕಡತ ವ್ಯವಸ್ಥೆಯ ಆಯ್ಕೆಗಳಲ್ಲಿ ಲಿನಕ್ಸ್ ಮತ್ತು ವಿಂಡೋಸ್ ಎರಡಕ್ಕೂ ಹೊಂದುವಂಥದ್ದನ್ನು ಆರಿಸಬೇಕು; ಎಕ್ಸಾರಿಸೊದಲ್ಲಾದರೆ ಜೋಲಿಯೆಟ್ ಬೇಕೆಂದು ಪ್ರತ್ಯೇಕವಾಗಿ ಸೂಚಿಸಬೇಕು, ಏಕೆಂದರೆ ಅದು ತಾನಾಗಿ ಸೇರಿಸುವುದಿಲ್ಲ. ಜೋಲಿಯೆಟ್ ಹೆಸರಿಗೆ 64 ಸಂಕೇತಗಳ ಮಿತಿ ಇದೆ. ಇಂಗ್ಲಿಷಿನಲ್ಲಿ ಇದು ಧಾರಾಳವಾಯಿತು, ಆದರೆ ಕನ್ನಡದಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಸಂಕೇತಗಳು. ‘ಶ್ರೀಕೃಷ್ಣಸಂಧಾನ’ ಎಂಬಲ್ಲಿ ಕಣ್ಣಿಗೆ ಕಾಣುವುದು ಆರು ಅಕ್ಷರ, ಕಂಪ್ಯೂಟರಿನ ಲೆಕ್ಕಕ್ಕೆ ಅದು 14 ಸಂಕೇತ. ಇದರ ಜೊತೆಗೆ ನಾಲ್ಕೈದು ಅರ್ಥಧಾರಿಗಳ ಹೆಸರನ್ನೂ ಊರನ್ನೂ ಸೇರಿಸಿದರೆ ಮಿತಿ ದಾಟಿ ವಿಂಡೋಸ್‌ನಲ್ಲಿ ಹೆಸರಿನ ಬಾಲ ತುಂಡಾಗುತ್ತದೆ. ಕಡತಕ್ಕೆ ಪ್ರಸಂಗದ ಹೆಸರು ಮತ್ತು ಕ್ಯಾಸೆಟ್ಟಿನ ಸಂಖ್ಯೆಯನ್ನಷ್ಟೇ ಕೊಟ್ಟು, ಕಲಾವಿದರ ವಿವರಗಳನ್ನು ಒಂದು ಪಠ್ಯ ಕಡತದಲ್ಲಿ ಬರೆದು ಅದೇ ಡಿಸ್ಕಿನಲ್ಲಿ ಇಡಿ. ಭಾಗವತರು, ಮದ್ದಳೆಗಾರರು, ಕೂಟ ನಡೆದ ಊರು, ಗೊತ್ತಿದ್ದರೆ ವರ್ಷ, ಇವೆಲ್ಲವನ್ನೂ ದಯವಿಟ್ಟು ಬರೆಯಿರಿ. ಬಲ್ಲವರು ಇರುವಾಗಲೇ ಬರೆದಿಡದಿದ್ದರೆ ದನಿ ಉಳಿದರೂ ಅದು ಯಾರದೆಂದು ತಿಳಿಯದೆ ಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ (ಹಳೆಕ್ಯಾಸೆಟ್)

ಎಲ್ಲರಿಗೂ ಕೃತಜ್ಞತೆಗಳು. ಆಡಿಯೋ ಸಿಡಿಗೆ ಕೆ3ಬಿ, ಕಾಯ್ದಿರಿಸುವ ಡಿವಿಡಿಗೆ ಎಕ್ಸಾರಿಸೊ ಎಂದು ತೀರ್ಮಾನಿಸಿದ್ದೇನೆ. ಒಂದು ಡಿವಿಡಿಯಲ್ಲಿ ಎಷ್ಟು ಗಂಟೆಯ ಧ್ವನಿಯನ್ನು ತುಂಬಬಹುದು, ಪೂರ್ತಿ ತುಂಬಿಸುವುದು ಕ್ಷೇಮವೇ?

ಉತ್ತರ 4 (ಬರೆದವರು: ಕಡತಪಾಲ)

ಸಿಡಿ ಗುಣಮಟ್ಟದ ವೇವ್ ಕಡತಕ್ಕೆ ಗಂಟೆಗೆ ಸುಮಾರು 635 ಎಂಬಿ ಬೇಕು. ಆ ಲೆಕ್ಕದಲ್ಲಿ 4.7 ಜಿಬಿಯ ಡಿವಿಡಿಯಲ್ಲಿ ಏಳು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಸುತ್ತದೆ. ತಂತ್ರಾಂಶ ಅದೇ ಜಾಗವನ್ನು 1000ದ ಬದಲು 1024ರ ಲೆಕ್ಕದಲ್ಲಿ 4.38 ಜಿಬಿ ಎಂದು ತೋರಿಸಿದರೆ ಗಾಬರಿಯಾಗಬೇಡಿ. ಮೊದಲು ಫ್ಲ್ಯಾಕ್‌ಗೆ (ಕುಗ್ಗಿಸಿದ ಧ್ವನಿ ಕಡತದ ಒಂದು ರೂಪ) ಬದಲಾಯಿಸಿಕೊಂಡರೆ ಧ್ವನಿಯಲ್ಲಿ ಏನೂ ನಷ್ಟವಾಗದೆ ಗಾತ್ರ ಗಣನೀಯವಾಗಿ ತಗ್ಗುತ್ತದೆ.

ಪೂರ್ತಿ ತುಂಬಿಸಬೇಡಿ. ಐದನೇ ಒಂದು ಭಾಗದಷ್ಟು ಜಾಗ ಬಿಟ್ಟು ಐಎಸ್‌ಒ ಚಿತ್ರಿಕೆಯನ್ನು (ಡಿಸ್ಕಿಗೆ ಹೋಗುವುದೆಲ್ಲ ಅಡಗಿರುವ ಒಂದೇ ಕಡತವನ್ನು) ಹಾರ್ಡ್ ಡಿಸ್ಕಿನಲ್ಲೇ ಸಿದ್ಧಪಡಿಸಿ, ‘ಡಿವಿಡಿಸಾಸ್ಟರ್’ ಎಂಬ ತಂತ್ರಾಂಶದಿಂದ ಆ ಖಾಲಿ ಜಾಗಕ್ಕೆ ದೋಷ ತಿದ್ದುವ ಮಾಹಿತಿಯನ್ನು ಸೇರಿಸಿ, ಅನಂತರ ಡಿಸ್ಕಿಗೆ ಬರೆಯಿರಿ. ಮುಂದೆ ಕೆಲವು ಭಾಗಗಳು ಓದಲು ಬಾರದಂತಾದರೂ ಉಳಿದ ಭಾಗಗಳಿಂದ ಅವನ್ನು ಮರಳಿ ಕಟ್ಟಿಕೊಳ್ಳುವ ಅವಕಾಶ ಇರುತ್ತದೆ. ಬರೆದಾದ ಮೇಲೆ ಡಿಸ್ಕನ್ನು ಹೊರತೆಗೆದು ಮತ್ತೆ ಹಾಕಿ ಪರಿಶೀಲಿಸಿ; ಹಾಗೆ ಮಾಡದಿದ್ದರೆ ಡಿಸ್ಕಿನ ಬದಲು ಕಂಪ್ಯೂಟರಿನ ಮೆಮೊರಿಯಲ್ಲಿ ಉಳಿದ ಪ್ರತಿಯೇ ಓದಿಗೆ ಸಿಗುವ ಸಾಧ್ಯತೆ ಇದೆ. ಬೇರೊಂದು ಕಂಪ್ಯೂಟರಿನ ಡ್ರೈವಿನಲ್ಲೂ ಓದಿಸಿ ನೋಡಿದರೆ ಇನ್ನೂ ಒಳ್ಳೆಯದು.